ಗೇಮ್ ಆಡೋ ಹುಡುಗರಿಗೆ ರೂಮ್ ಇಲ್ಲ

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪಾಲಕರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಧಾರವಾಡದ ಸಪ್ತಾಪುರದ ಕಡೆ ಹೋದವರಿಗೆ ಗೊತ್ತು, ಅಲ್ಲಿ ವರ್ಷವಿಡೀ ಹುಡುಗರು ರೂಮ್ ಹುಡುಕುತ್ತಿರುತ್ತಾರೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕೋಚಿಂಗ್‌ಗೆ ಬಂದವರು. ಮನೆ ಮಾಲೀಕರು ಕೇಳುವ ಪ್ರಶ್ನೆಗಳೂ ನಿಮಗೆ ಗೊತ್ತು. ಯಾವ ಊರು, ಅಪ್ಪ ಏನು ಮಾಡುತ್ತಾರೆ, ಸಿಗರೇಟು ಸೇದುತ್ತೀಯಾ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀಯಾ. ನಮ್ಮ ಕಾಲೇಜಿನಲ್ಲಿ ಓದಿ ಹೋದ ಒಬ್ಬ ಹುಡುಗನಿಗೆ ಇವುಗಳ ಜೊತೆ ಇನ್ನೊಂದು ಪ್ರಶ್ನೆ ಬಂತು. "ಗೇಮ್ ಆಡ್ತಿಯೇನಪಾ?" ಅವನು ಸುಳ್ಳು ಹೇಳಲಿಲ್ಲ. "ರಾತ್ರಿ ಸ್ವಲ್ಪ ಹೊತ್ತು ಆಡ್ತೀನ್ರಿ" ಅಂದ. "ಹಂಗಾರ ಬ್ಯಾಡ ತಮ್ಮಾ. ಗೇಮ್ ಆಡೋ ಹುಡುಗರಿಗೆ ನಾವು ರೂಮ್ ಕೊಡಂಗಿಲ್ಲ. ಪೇಪರ್‌ನ್ಯಾಗ ಓದೇವಿ, ಏನೇನ್ ಮಾಡ್ತಾರಂತ."

ಆ ಮಾಲೀಕರು ಕೆಟ್ಟವರಲ್ಲ. ಅವರು ಓದಿದ ಸುದ್ದಿಯೂ ಸುಳ್ಳಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ ಒಬ್ಬ ಯುವಕ ತನ್ನ ತಂದೆಯನ್ನೇ ಕೊಂದ. ಮೊಬೈಲ್‌ನಲ್ಲಿ ಪಬ್‌ಜಿ ಆಡುವುದನ್ನು ತಂದೆ ತಡೆದದ್ದಕ್ಕೆ ಹೀಗಾಯಿತು ಎಂದು ಸುದ್ದಿ ಬಂತು. ನಮ್ಮಿಂದ ಎರಡು ಗಂಟೆಯ ದಾರಿಯೂ ಇಲ್ಲದ ಊರು ಅದು. ಆ ಸಾವನ್ನು ಚಿಕ್ಕದು ಮಾಡಿ ಮಾತಾಡಲು ನಾನು ಇಲ್ಲಿ ಬಂದಿಲ್ಲ. ಆ ಮನೆಗೆ ಆದದ್ದು ಯಾರ ಮನೆಗೂ ಆಗಬಾರದು.

ಆದರೆ ಅದೇ ರಾತ್ರಿ ಈ ಹುಬ್ಬಳ್ಳಿಯಲ್ಲೇ ಎಷ್ಟು ಮನೆಗಳಲ್ಲಿ ಅಪ್ಪ ಮಗನ ಕೈಯಿಂದ ಫೋನ್ ಕಸಿದುಕೊಂಡಿರಬಹುದು, ಯೋಚಿಸಿ. ಗೋಕುಲ ರೋಡ್‌ನಲ್ಲಿ, ಕೇಶ್ವಾಪುರದಲ್ಲಿ, ಹಳೇ ಹುಬ್ಬಳ್ಳಿಯಲ್ಲಿ. ಮಗ ಮುಖ ಊದಿಸಿಕೊಂಡ, ಊಟ ಬೇಡ ಅಂದ, ಅವ್ವ ಕರೆದಾಗ ಎದ್ದು ಬಂದು ಉಂಡ, ಮಲಗಿದ. ಇದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಆದರೆ ಗೇಮ್ ಆಡುವವರು ಎಂಥವರು ಎಂದು ನಾವು ತೀರ್ಮಾನ ಮಾಡುವಾಗ ಈ ಲಕ್ಷಾಂತರ ಮನೆಗಳು ಲೆಕ್ಕಕ್ಕೇ ಬರುವುದಿಲ್ಲ. ಕಾಕತಿಯ ಒಂದೇ ಮನೆ ಲೆಕ್ಕಕ್ಕೆ ಬರುತ್ತದೆ.

ನಾನು ಪಿಯು ಹುಡುಗರಿಗೆ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಗೇಮ್ ಆಡುತ್ತೇನೆ ಕೂಡ. ಮಗಳು ಮಲಗಿದ ಮೇಲೆ ನನ್ನ ತಮ್ಮ, ಅವನ ಇಬ್ಬರು ಗೆಳೆಯರು ಮತ್ತು ನಾನು ಸೇರಿ ಸ್ಕ್ವಾಡ್ ಕಟ್ಟಿಕೊಂಡು ಆಡುತ್ತೇವೆ. ಹಾಗಾಗಿ ಇವತ್ತು ನಾನು ಮಾತಾಡುವುದು ಶಿಕ್ಷಕಿಯಾಗಿಯೂ ಹೌದು, ಆಡುವವಳಾಗಿಯೂ ಹೌದು. ನನಗೆ ಸಿಟ್ಟು ಬಂದಿರುವುದು ನಮ್ಮನ್ನು ಬೈಯುತ್ತಾರೆ ಎಂಬ ಕಾರಣಕ್ಕಲ್ಲ. ಬೈಸಿಕೊಳ್ಳುವುದನ್ನು ತಡೆದುಕೊಳ್ಳಬಹುದು. ಎಲ್ಲರನ್ನೂ ಒಂದೇ ಸಲಕ್ಕೆ ಬೈಯುವುದರಿಂದ ಕೆಟ್ಟದ್ದು ಮಾಡುವವರು ತಪ್ಪಿಸಿಕೊಳ್ಳುತ್ತಾರೆ, ತೊಂದರೆಯಲ್ಲಿರುವ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಅದನ್ನು ನಾನು ಕಾಲೇಜಿನಲ್ಲಿ ಕಣ್ಣಾರೆ ನೋಡುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಊರಿನಲ್ಲಿ ನೂರು ಹುಡುಗರಿದ್ದಾರೆ, ಅವರಲ್ಲಿ ಎಂಬತ್ತು ಜನ ಗೇಮ್ ಆಡುತ್ತಾರೆ ಎಂದುಕೊಳ್ಳಿ. ಆ ಊರಿನಲ್ಲಿ ಐದು ಹುಡುಗರು ಕಳ್ಳತನ ಮಾಡಿ ಸಿಕ್ಕಿಬಿದ್ದರು. ಅವರಲ್ಲಿ ನಾಲ್ವರು ಗೇಮ್ ಆಡುವವರೇ ಆಗಿರುವ ಸಾಧ್ಯತೆ ಜಾಸ್ತಿ. ಯಾಕೆಂದರೆ ಊರಿನಲ್ಲಿ ಐವರಲ್ಲಿ ನಾಲ್ವರು ಆಡುವವರೇ! ಇದರಿಂದ ಗೇಮ್‌ಗೂ ಕಳ್ಳತನಕ್ಕೂ ಸಂಬಂಧ ಇದೆ ಎಂದು ಹೇಳಲು ಬರುವುದಿಲ್ಲ. ಆದರೆ ಸುದ್ದಿ ಬರೆಯುವವರಿಗೆ ಆ ನಾಲ್ವರ ಫೋನಿನಲ್ಲಿದ್ದ ಗೇಮ್ ಕಾಣುತ್ತದೆ, ಕಳ್ಳತನ ಮಾಡದೆ ಆಡಿಕೊಂಡಿದ್ದ ಎಪ್ಪತ್ತಾರು ಜನ ಕಾಣುವುದಿಲ್ಲ.

ಕೆಲವು ಸಲ ಆಡಿದವನು ಯಾರು ಎಂದು ನೋಡುವ ತಾಳ್ಮೆಯೂ ಇರುವುದಿಲ್ಲ. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ ಒಬ್ಬ ಯುವಕ ಶಾಲೆಗೆ ನುಗ್ಗಿ 20 ಮಕ್ಕಳನ್ನು, 6 ಜನ ದೊಡ್ಡವರನ್ನು ಗುಂಡಿಟ್ಟು ಕೊಂದ. ಮೊದಲ ಕೆಲವು ಗಂಟೆ ಟಿವಿಗಳು ಕೊಲೆಗಾರನ ಹೆಸರನ್ನೇ ತಪ್ಪು ಹೇಳಿದವು. ಅವನ ಅಣ್ಣನ ಹೆಸರು ಹೇಳಿದವು. ಜನ ಆ ಅಣ್ಣನ ಫೇಸ್‌ಬುಕ್ ತೆಗೆದು ನೋಡಿದರು. ಅಲ್ಲಿ ಅವನು 'ಮಾಸ್ ಎಫೆಕ್ಟ್' ಎಂಬ ಗೇಮ್ ತನಗೆ ಇಷ್ಟ ಎಂದು ಒತ್ತಿದ್ದ. ಸಾಕಾಯಿತು. ಆ ಗೇಮ್‌ನ ಪುಟಕ್ಕೆ ನುಗ್ಗಿ "ಮಕ್ಕಳನ್ನು ಕೊಂದವರು ನೀವೇ" ಎಂಬ ಅರ್ಥದಲ್ಲಿ ಬೈಯತೊಡಗಿದರು. ಕೊಲೆ ಮಾಡದ ಮನುಷ್ಯ, ಅವನಿಗೆ ಇಷ್ಟವಾದ ಒಂದು ಗೇಮ್, ಅದನ್ನು ಮಾಡಿದವರು, ಅದನ್ನು ಆಡುವ ಲಕ್ಷಾಂತರ ಜನ. ಇಷ್ಟೂ ಜನ ಕೆಲವೇ ಗಂಟೆಗಳಲ್ಲಿ ಅಪರಾಧಿಗಳಾದರು.

ಮುಂದೆ ತನಿಖೆಯ ವರದಿ ಬಂತು. ನಿಜವಾದ ಕೊಲೆಗಾರನ ಮನೆಯಲ್ಲಿ ಗುಂಡು ಹಾರಿಸುವ ಗೇಮ್‌ಗಳಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವನು ವಾರಾಂತ್ಯಗಳಲ್ಲಿ ಹೊರಗೆ ಹೋಗಿ ಗಂಟೆಗಟ್ಟಲೆ ಆಡುತ್ತಿದ್ದದ್ದು 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್'. ಹಾಡಿಗೆ ತಕ್ಕಂತೆ ಹೆಜ್ಜೆ ಹಾಕುವ ಆಟ. ಯಾಕೆ ಕೊಂದ ಎಂಬುದಕ್ಕೆ ಆ ವರದಿ ಖಚಿತ ಉತ್ತರ ಕೊಡಲಿಲ್ಲ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ಆದಾಗಲೂ ಟಿವಿಯಲ್ಲಿ ಕೂತವರು ಮೊದಲು ಬೆರಳು ತೋರಿಸಿದ್ದು ಗೇಮ್‌ಗಳ ಕಡೆಗೆ. ಆ ದಾಳಿ ಮಾಡಿದವನ ಜೊತೆ ರೂಮಿನಲ್ಲಿದ್ದವರು ಅವನು ಗೇಮ್ ಆಡಿದ್ದನ್ನೇ ನೋಡಿರಲಿಲ್ಲ.

ನಮ್ಮ ದೇಶದಲ್ಲೂ ಇದೇ ನಡೆಯಿತು. 2017ರ ಬ್ಲೂ ವೇಲ್ ಗಾಬರಿ ನಿಮಗೆಲ್ಲ ನೆನಪಿರಬೇಕು. ಬ್ಲೂ ವೇಲ್ ಎಂಬ ಆನ್‌ಲೈನ್ ಆಟ ಮಕ್ಕಳನ್ನು ಆತ್ಮಹತ್ಯೆಗೆ ತಳ್ಳುತ್ತಿದೆ ಎಂಬ ಸುದ್ದಿ ಹಬ್ಬಿತ್ತು. ಶಾಲೆ ಶಾಲೆಗೆ ಸುತ್ತೋಲೆ ಬಂತು, ಮಕ್ಕಳ ಕೈ ಮೇಲೆ ಗೀರು ಇದೆಯೇ ಎಂದು ಮಾಸ್ತರರು ನೋಡಿದರು. ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿ ಆ ಸಾವುಗಳನ್ನು ಪರಿಶೀಲಿಸಿತು. ಫೋನು, ಕರೆಗಳ ದಾಖಲೆ, ಇಂಟರ್ನೆಟ್ ಬಳಕೆ ಎಲ್ಲ ನೋಡಿದರು. ಒಂದು ಸಾವಿಗೂ ಬ್ಲೂ ವೇಲ್ ನಂಟು ಸಾಬೀತಾಗಲಿಲ್ಲ ಎಂದು 2018ರ ಜನವರಿಯಲ್ಲಿ ಸಂಸತ್ತಿಗೆ ಹೇಳಿದರು. ಗಾಬರಿ ಎಲ್ಲರ ಕಿವಿಗೂ ಬಿತ್ತು, ಈ ಉತ್ತರ ಯಾರ ಕಿವಿಗೂ ಬೀಳಲಿಲ್ಲ. ಆ ಮಕ್ಕಳನ್ನು ನಿಜವಾಗಿ ಕಾಡಿದ್ದು ಏನು ಎಂಬ ಪ್ರಶ್ನೆ ಅಲ್ಲೇ ಉಳಿಯಿತು. ನನಗೆ ಹೆಚ್ಚು ನೋವು ಕೊಡುವುದು ಇದೇ. ಗೇಮ್ ಎಂದು ಹೇಳಿಬಿಟ್ಟರೆ ಉಳಿದ ಪ್ರಶ್ನೆಗಳನ್ನು ಕೇಳುವ ಕಷ್ಟ ನಮಗೆ ತಪ್ಪುತ್ತದೆ.

2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ಪೊಲೀಸ್ ಕಮಿಷನರ್ ಪಬ್‌ಜಿ ಆಡುವುದನ್ನೇ ನಿಷೇಧಿಸಿದರು. ಆಡುತ್ತಿದ್ದ ಯುವಕರನ್ನು, ಕಾಲೇಜು ವಿದ್ಯಾರ್ಥಿಗಳನ್ನೂ ಸೇರಿಸಿ, ಹಿಡಿದು ಕೇಸು ಹಾಕಿದರು. ಅವರು ಯಾರಿಗೂ ಹೊಡೆದಿರಲಿಲ್ಲ. ಚಹಾದ ಅಂಗಡಿಯ ಹತ್ತಿರ, ರಸ್ತೆ ಬದಿಯಲ್ಲಿ ಕೂತು ಫೋನ್ ನೋಡುತ್ತಿದ್ದರು, ಅಷ್ಟೇ. ಮುಂದೆ 2020ರ ಸೆಪ್ಟೆಂಬರ್‌ನಲ್ಲಿ ಇಡೀ ದೇಶದಲ್ಲಿ ಪಬ್‌ಜಿ ನಿಂತಿತು. ಆ ಆದೇಶದಲ್ಲಿ ಒಟ್ಟು 118 ಆ್ಯಪ್‌ಗಳಿದ್ದವು, ಕೊಟ್ಟ ಕಾರಣ ದೇಶದ ಭದ್ರತೆ. ಆದರೆ ನಮ್ಮ ಓಣಿಯಲ್ಲಿ ಬಹಳ ಜನ "ಆ ಆಟ ಹುಡುಗರನ್ನ ಕೆಡಸ್ತಿತ್ತು, ಅದಕ್ಕ ಬಂದ್ ಮಾಡಿದ್ರು" ಎಂದೇ ಇವತ್ತಿಗೂ ನಂಬಿದ್ದಾರೆ.

ಸಂಶೋಧನೆ ಏನು ಹೇಳುತ್ತದೆ? 2019ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ 14 ಮತ್ತು 15 ವರ್ಷದ ಸುಮಾರು ಸಾವಿರ ಮಕ್ಕಳನ್ನು ಅವರು ಆಡುವ ಗೇಮ್‌ಗಳ ಬಗ್ಗೆ ಕೇಳಿದರು. ಮಕ್ಕಳ ಸಿಟ್ಟು ಸೆಡವು ಹೇಗಿದೆ ಎಂದು ಅವರ ಪಾಲಕರನ್ನು ಕೇಳಿದರು. ಹೊಡೆದಾಟದ ಗೇಮ್ ಆಡುವುದಕ್ಕೂ ಮಕ್ಕಳ ಒರಟು ನಡತೆಗೂ ನಂಟು ಸಿಗಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ ಮಾತು ಸ್ವಲ್ಪ ಬೇರೆ. ಇಂಥ ಗೇಮ್‌ಗಳಿಗೂ ಕೂಗಾಡುವುದು, ನೂಕುವುದು ಇಂಥ ನಡತೆಗೂ ಸಣ್ಣ ನಂಟಿದೆ, ಆದರೆ ನಿಜವಾದ ಹಿಂಸೆಗೆ ಗೇಮ್ ಕಾರಣ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದರು. ಎರಡನ್ನೂ ಹೇಳಬೇಕು. ಸೋತಾಗ ಹುಡುಗ ಕೂಗಾಡುತ್ತಾನೆ, ನಾನೂ ನೋಡಿದ್ದೇನೆ. ಕೂಗಾಡುವವನನ್ನು ಕೊಲೆಗಾರನ ಸಾಲಿನಲ್ಲಿ ನಿಲ್ಲಿಸುವುದು ಬೇರೆ ಮಾತು.

ಈಗ ಕ್ರಿಕೆಟ್ ನೋಡಿ. 1996ರ ಮಾರ್ಚ್ 13ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಭಾರತ, ಶ್ರೀಲಂಕಾ ನಡುವೆ ವಿಶ್ವಕಪ್ ಸೆಮಿಫೈನಲ್. 252 ರನ್ ಬೇಕಿತ್ತು, 120ಕ್ಕೆ 8 ವಿಕೆಟ್ ಹೋದವು. ಜನ ಮೈದಾನಕ್ಕೆ ಬಾಟಲಿ ಎಸೆದರು, ಸ್ಟ್ಯಾಂಡ್‌ನಲ್ಲಿ ಬೆಂಕಿ ಹಚ್ಚಿದರು. ಪಂದ್ಯ ಅಲ್ಲೇ ನಿಂತಿತು, ಶ್ರೀಲಂಕಾ ಗೆದ್ದಿತು ಎಂದು ಘೋಷಿಸಿದರು. 2007ರ ವಿಶ್ವಕಪ್‌ನಲ್ಲಿ ಸೋತಾಗ ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಗೆ ನುಗ್ಗಿ ಹಾಳು ಮಾಡಿದರು. ಇದಾದ ಮೇಲೆ ನಮ್ಮ ಊರಿನಲ್ಲಿ ಯಾರಾದರೂ "ಕ್ರಿಕೆಟ್ ನೋಡುವ ಹುಡುಗನಿಗೆ ರೂಮ್ ಕೊಡುವುದಿಲ್ಲ" ಅಂದರಾ? ಇಲ್ಲ. ಅದೇ 1996ರಲ್ಲಿ ಗದಗಿನ ಸುನೀಲ್ ಜೋಶಿ ಭಾರತ ತಂಡಕ್ಕೆ ಆಡಿದರು. ಹುಡುಗನಾಗಿದ್ದಾಗ ಬೆಳಿಗ್ಗೆ ಗದಗಿನಿಂದ ಹುಬ್ಬಳ್ಳಿಗೆ ಪ್ರಾಕ್ಟೀಸ್‌ಗೆ ಬಂದು, ಶಾಲೆಯ ಹೊತ್ತಿಗೆ ವಾಪಸ್ ಹೋಗುತ್ತಿದ್ದವರು ಅವರು. ಕ್ರಿಕೆಟ್ ಎಂದರೆ ನಮಗೆ ಜೋಶಿಯವರು ನೆನಪಾಗುತ್ತಾರೆ, ಈಡನ್ನಿನ ಬೆಂಕಿಯಲ್ಲ. ಕ್ರಿಕೆಟ್ ನಮಗೆ ಗೊತ್ತು, ಅದಕ್ಕೇ ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿ ನೋಡುತ್ತೇವೆ. ಗೇಮ್ ಗೊತ್ತಿಲ್ಲ, ಎಲ್ಲ ಒಂದೇ ಆಗಿ ಕಾಣುತ್ತದೆ.

ಇಲ್ಲಿಯವರೆಗೆ ಪಾಲಕರಿಗೆ ಹೇಳಿದೆ. ಈಗ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿರುವ ಹುಡುಗರಿಗೆ.

ಗೇಮ್ ಆಡುವವರು ಕೆಟ್ಟದ್ದು ಮಾಡಿದ್ದಾರೆ. ಅದು ಸುದ್ದಿಯವರು ಕಟ್ಟಿದ ಕಥೆಯಲ್ಲ. 2014ರಲ್ಲಿ ಗೇಮರ್‌ಗೇಟ್ ಎಂಬ ಹೆಸರಿನಲ್ಲಿ ಗೇಮ್ ತಯಾರಿಸುವ, ಗೇಮ್ ಬಗ್ಗೆ ಮಾತಾಡುವ ಹೆಣ್ಣುಮಕ್ಕಳ ಮೇಲೆ ಗುಂಪಾಗಿ ಬಿದ್ದರು. ಕೊಲ್ಲುತ್ತೇವೆ, ಅತ್ಯಾಚಾರ ಮಾಡುತ್ತೇವೆ ಎಂದು ಬರೆದರು. ಕೆಲವರು ಮನೆ ಬಿಟ್ಟು ಹೋಗಬೇಕಾಯಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಚಿಟಾದಲ್ಲಿ ನಡೆದದ್ದು ಇನ್ನೂ ಕ್ರೂರ. ಕಾಲ್ ಆಫ್ ಡ್ಯೂಟಿ ಆಡುವ ಇಬ್ಬರಿಗೆ ಒಂದೂವರೆ ಡಾಲರ್ ಬಾಜಿಯ ಮೇಲೆ ಜಗಳ. ಒಬ್ಬ ಮೂರನೆಯವನಿಗೆ ಹೇಳಿದ, ಅವನು ಪೊಲೀಸರಿಗೆ ಫೋನ್ ಮಾಡಿ ಇಂಥ ಮನೆಯಲ್ಲಿ ಕೊಲೆ ಆಗಿದೆ ಎಂದು ಸುಳ್ಳು ಹೇಳಿದ. ವಿಳಾಸವೂ ತಪ್ಪು. ಆ ಮನೆಯಲ್ಲಿದ್ದವನಿಗೂ ಆ ಗೇಮ್‌ನ ಜಗಳಕ್ಕೂ ಸಂಬಂಧವೇ ಇರಲಿಲ್ಲ. ಬಾಗಿಲು ತೆಗೆದ, ಪೊಲೀಸರ ಗುಂಡು ಬಿತ್ತು, ಸತ್ತ. ಸುಳ್ಳು ಕರೆ ಮಾಡಿದವನಿಗೆ 20 ವರ್ಷ ಜೈಲಾಯಿತು.

ಅಷ್ಟು ದೂರ ಹೋಗುವುದೂ ಬೇಡ. ಗೊತ್ತಿಲ್ಲದವರ ಜೊತೆ ಆಡುವಾಗ ನಾನು ಮೈಕ್ ಆನ್ ಮಾಡುವುದಿಲ್ಲ. ಹೆಣ್ಣಿನ ದನಿ ಕೇಳಿದ ತಕ್ಷಣ ಲಾಬಿಯಲ್ಲಿ, ಅಂದರೆ ಆಟ ಶುರುವಾಗುವ ಮುಂಚೆ ಎಲ್ಲರೂ ಸೇರುವ ಕಡೆ, ಏನೇನು ಮಾತು ಬರುತ್ತದೆ ಎಂದು ಇಲ್ಲಿ ಕೂತಿರುವ ಹುಡುಗಿಯರಿಗೆ ಗೊತ್ತು. ಹುಡುಗರೇ, ನಿಮಗೂ ಗೊತ್ತು. ಕನ್ನಡದಲ್ಲಿ, ಹಿಂದಿಯಲ್ಲಿ, ಅವ್ವ ಅಕ್ಕನ ಹೆಸರು ಹಿಡಿದು. ನೀವು ಆ ಮಾತು ಆಡಿರಲಿಕ್ಕಿಲ್ಲ. ಆದರೆ ಆ ಸ್ಕ್ವಾಡ್‌ನಲ್ಲಿ ನೀವೂ ಇದ್ದಿರಿ ಅಲ್ವಾ?

"ಮೇಡಂ, ಅಂಥವರು ಕೆಲವರು ಅಷ್ಟೇ" ಎಂದು ನೀವು ಹೇಳುತ್ತೀರಿ. ನಾನೂ ಈ ಭಾಷಣದಲ್ಲಿ ಅದನ್ನೇ ಹೇಳುತ್ತಿದ್ದೇನೆ. ಆದರೆ ಇದರಲ್ಲಿ ಒಂದು ತೊಡಕಿದೆ. ಲೀಗ್ ಆಫ್ ಲೆಜೆಂಡ್ಸ್ ಗೇಮ್ ಮಾಡಿದ ರಾಯಟ್ ಕಂಪನಿ ತನ್ನ ಗೇಮ್‌ನಲ್ಲಿ ಬೈಗುಳ ಎಲ್ಲಿಂದ ಬರುತ್ತಿದೆ ಎಂದು ಹುಡುಕಿತು. ಯಾವಾಗಲೂ ಬೈಯುವುದೇ ಕೆಲಸ ಎಂಬ ಆಟಗಾರರು ಬಹಳ ಕಡಿಮೆ ಸಿಕ್ಕರು. ಆದರೆ ಒಟ್ಟು ಬೈಗುಳದಲ್ಲಿ ಅವರ ಪಾಲೂ ಸಣ್ಣದೇ. ದೊಡ್ಡ ಪಾಲು ಬಂದದ್ದು ಉಳಿದ ದಿನಗಳಲ್ಲಿ ಸರಿಯಾಗಿಯೇ ಆಡುವ ಸಾಮಾನ್ಯ ಜನರಿಂದ. ಎಂದೋ ಒಂದು ದಿನ ತಲೆ ಕೆಟ್ಟಿರುತ್ತದೆ, ಸೋಲುತ್ತಿರುತ್ತಾರೆ, ಬಾಯಿ ಬಿಡುತ್ತಾರೆ. ಅಂದರೆ ಆ 'ಕೆಲವರು' ಎಲ್ಲೋ ಬೇರೆ ಕಡೆ ಇರುವ ಗ್ಯಾಂಗ್ ಅಲ್ಲ. ನಮ್ಮ ಸ್ಕ್ವಾಡ್‌ನವರೇ, ಒಂದು ಕೆಟ್ಟ ರಾತ್ರಿಯಲ್ಲಿ.

ಇದನ್ನು ಕೇಳಿ ಯಾರೂ "ಹಾಗಾದರೆ ಎಲ್ಲರೂ ಕೆಟ್ಟವರೇ" ಎಂದುಕೊಳ್ಳಬೇಡಿ. ನನಗೆ ಇದರಲ್ಲಿ ಆಸೆ ಕಾಣುತ್ತದೆ. ಅದೇ ಕಂಪನಿ, ಯಾವ ಮಾತಿಗಾಗಿ ನಿನ್ನನ್ನು ತಡೆದಿದ್ದೇವೆ ಎಂದು ಆಟಗಾರನಿಗೆ ಅವನ ಮಾತನ್ನೇ ತೋರಿಸಿ ಹೇಳಿತು. ಆಗ ಬಹಳ ಜನ ಮತ್ತೆ ಆ ತಪ್ಪು ಮಾಡಲಿಲ್ಲ. ಸುಮ್ನೆ ಬ್ಯಾನ್ ಮಾಡಿದಾಗ ಇಷ್ಟು ಬದಲಾವಣೆ ಆಗಿರಲಿಲ್ಲ. ಯಾರು, ಯಾವಾಗ, ಏನು ಮಾಡಿದ ಎಂದು ಬೊಟ್ಟು ಮಾಡಿ ಹೇಳಿದರೆ ತಿದ್ದಬಹುದು. "ನೀವು ಗೇಮ್ ಆಡುವವರೆಲ್ಲ ಹೀಗೇ" ಎಂದರೆ ಯಾರೂ ತಿದ್ದಿಕೊಳ್ಳುವುದಿಲ್ಲ. ತಪ್ಪು ಮಾಡಿದವನೂ ಅದರಲ್ಲಿ ಅಡಗುತ್ತಾನೆ, "ಎಲ್ಲರೂ ಹೀಗೇ ಮಾತಾಡ್ತಾರ" ಎಂದು.

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲೇಜಿನಲ್ಲಿ ಒಬ್ಬ ಹುಡುಗಿ ಪ್ರಥಮ ಪಿಯುನಲ್ಲಿ ಇದ್ದಳು. ಯಾವ ಊರು, ಯಾವ ವರ್ಷ ಎಂದು ಹೇಳುವುದಿಲ್ಲ. ಫ್ರೀ ಫೈರ್ ಆಡುತ್ತಿದ್ದಳು. ಕಡಿಮೆ ಬೆಲೆಯ ಫೋನಿನಲ್ಲೂ ಓಡುವ ಆಟ ಅದು, ನಮ್ಮ ಕಡೆ ಹಳ್ಳಿಗಳಲ್ಲೂ ಅದಕ್ಕೇ ಅಷ್ಟು ಹಬ್ಬಿದ್ದು. ಅದರಲ್ಲಿ ಪರಿಚಯವಾದ ಒಬ್ಬ ಮೊದಲು ಡೈಮಂಡ್ (ಆ ಗೇಮ್‌ನೊಳಗೆ ವಸ್ತು ಕೊಳ್ಳಲು ಬಳಸುವ ನಾಣ್ಯ) ಕೊಡಿಸಿದ, ಆಮೇಲೆ ಫೋಟೊ ಕೇಳಿದ, ಆಮೇಲೆ ಹೆದರಿಸತೊಡಗಿದ. ತಿಂಗಳುಗಟ್ಟಲೆ ಆ ಹುಡುಗಿ ಯಾರಿಗೂ ಹೇಳಲಿಲ್ಲ. ನನ್ನ ಹತ್ತಿರ ಅತ್ತಾಗ ನಾನು ಕೇಳಿದೆ, "ಮನೆಯಲ್ಲಿ ಯಾಕೆ ಹೇಳಲಿಲ್ಲವ್ವಾ?" ಅವಳು ಅಂದದ್ದು, "ಹೇಳಿದ್ರ ಫೋನ್ ಕಸ್ಕೋತಾರ್ರಿ ಮೇಡಂ. ಗೇಮ್ ಆಡಿದ್ದಕ್ಕ ಹಿಂಗಾತು ಅಂತಾರ. ಅವನಿಗೆ ಯಾರೂ ಏನೂ ಅನ್ನಂಗಿಲ್ಲ."

ಆ ಕೊನೆಯ ಮಾತು ನನ್ನ ನಿದ್ದೆ ಕೆಡಿಸಿತು. ಅವಳು ಹೇಳಿದ್ದು ನಿಜವಾಗಿತ್ತು. ಮನೆಯವರಿಗೆ ತಿಳಿದಾಗ ಮೊದಲ ಅರ್ಧ ಗಂಟೆ ಎಲ್ಲರೂ ಗೇಮ್ ಬಗ್ಗೆಯೇ ಮಾತಾಡಿದರು. ಹೆದರಿಸಿದವನು ಯಾರು, ಅವನ ನಂಬರ್ ಎಲ್ಲಿದೆ, ಮೆಸೇಜ್ ಉಳಿದಿವೆಯೇ ಎಂದು ಯಾರೂ ಕೇಳಲಿಲ್ಲ. ನಾನೇ ಕೂಡಿಸಿಕೊಂಡು ಸ್ಕ್ರೀನ್‌ಶಾಟ್ ತೆಗೆಸಿ, ಅವಳ ಅಪ್ಪನನ್ನು ಒಪ್ಪಿಸಿ ದೂರು ಕೊಡಿಸಬೇಕಾಯಿತು. ಇಂಥದ್ದಕ್ಕೆ ಕೇಂದ್ರ ಸರ್ಕಾರದ ಸೈಬರ್ ಅಪರಾಧದ ವೆಬ್‌ಸೈಟ್ ಇದೆ. ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಬಹುದು. ಇವು ಪಾಲಕರಿಗೆ ಗೊತ್ತಿರಬೇಕು. ಗೊತ್ತಿರುವುದರ ಜೊತೆಗೆ, ಮಕ್ಕಳು ಬಂದು ಹೇಳುವಂತೆಯೂ ಮನೆ ಇರಬೇಕು.

ಚಟದ ವಿಷಯದಲ್ಲೂ ಇದೇ ಆಗುತ್ತದೆ. ಗೇಮಿಂಗ್ ಕಾಯಿಲೆ ನಿಜವಾಗಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಲು ಒಪ್ಪಿತು, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಅದನ್ನು ಗುರುತಿಸುವ ರೀತಿ ನೋಡಿ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ಓದು, ನಿದ್ದೆಗಿಂತ ಆಟವೇ ಮೊದಲಾಗಿರಬೇಕು, ಕೆಡುಕಾಗುತ್ತಿದ್ದರೂ ನಿಲ್ಲಿಸಲು ಆಗಬಾರದು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೆ ನಡೆದಿರಬೇಕು. ಆಡುವವರಲ್ಲಿ ಬಹಳ ಕಡಿಮೆ ಜನರಿಗೆ ಮಾತ್ರ ಇದು ಬರುತ್ತದೆ ಎಂದೂ ಅದೇ ಸಂಸ್ಥೆ ಹೇಳಿದೆ. ರಜೆಯಲ್ಲಿ ಮೂರು ದಿನ ಜಾಸ್ತಿ ಆಡಿದ ಹುಡುಗನಿಗೂ ನಾವು ಚಟ ಅನ್ನುತ್ತೇವೆ, ನಿದ್ದೆ ಬಿಟ್ಟು, ಕಾಲೇಜು ಬಿಟ್ಟು ಒಳಗೊಳಗೇ ಕುಸಿಯುತ್ತಿರುವವನಿಗೂ ಚಟ ಅನ್ನುತ್ತೇವೆ. ಇಬ್ಬರಿಗೂ ಬೈಗುಳ ಒಂದೇ. ಎರಡನೆಯವನಿಗೆ ಬೇಕಾದದ್ದು ಡಾಕ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಲ್ಲಿ ಕ್ಲಿನಿಕ್ ಶುರುವಾಯಿತು. ಅಲ್ಲಿಗೆ ಹೋಗಲು ಆಗದಿದ್ದರೆ ಮಾನಸಿಕ ಆರೋಗ್ಯದ ಡಾಕ್ಟರನ್ನು ಕಾಣಲು ನಮ್ಮ ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಮಾತಾಡುತ್ತಾರೆ.

ಸಾಲದ ಸುದ್ದಿಗಳನ್ನೂ ಒಮ್ಮೆ ಬೇರೆ ಮಾಡಿ ಓದಿ. ಆನ್‌ಲೈನ್ ಗೇಮ್‌ನಲ್ಲಿ ಲಕ್ಷಗಟ್ಟಲೆ ಕಳೆದುಕೊಂಡ ಎಂಬ ಸುದ್ದಿಯ ಒಳಗೆ ಹೋದರೆ ಬಹಳ ಸಲ ಇರುವುದು ರಮ್ಮಿ, ಬೆಟ್ಟಿಂಗ್. ಹಣ ಕಟ್ಟಿ ಆಡುವ ಜೂಜು. ಇದನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ತಂದ ಕಾಯ್ದೆಯ ಮುಖ್ಯ ಭಾಗವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಂದ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್ ಅನ್ನು, ಅಂದರೆ ಕ್ರೀಡೆಯಂತೆ ಸ್ಪರ್ಧೆಯಾಗಿ ಆಡುವ ಗೇಮ್‌ಗಳನ್ನು, ಬೇರೆ ಎಂದು ಗುರುತಿಸಿತು. ಕಾನೂನು ಮಾಡಿದವರೇ ಇವೆರಡನ್ನೂ ಬೇರೆ ಮಾಡಿರುವಾಗ, ರಮ್ಮಿಯಲ್ಲಿ ಮನೆ ಕಳೆದುಕೊಂಡವನ ತಪ್ಪನ್ನು ಸಂಜೆ ಬಿಜಿಎಂಐ (ಪಬ್‌ಜಿಯ ಭಾರತದ ರೂಪ) ಆಡುವ ಹುಡುಗನ ಮೇಲೆ ಹೊರಿಸುವುದು ಸರಿಯೇ?

ಒಳ್ಳೆಯ ಮಾತನ್ನೂ ಹೇಳುತ್ತೇನೆ. ನಾರ್ವೆಯಲ್ಲಿ ಮಾಟ್ಸ್ ಸ್ಟೀನ್ ಎಂಬ ಯುವಕನಿದ್ದ. ಡುಶೆನ್ ಎಂಬ ಸ್ನಾಯು ಕರಗುವ ಕಾಯಿಲೆ. ಗಾಲಿಕುರ್ಚಿಯ ಮೇಲೆ ಬದುಕು. ಅವನು ದಿನವಿಡೀ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ. ಅಪ್ಪ ಅಮ್ಮನಿಗೆ ಒಂದೇ ಸಂಕಟ, ನಮ್ಮ ಮಗ ಒಬ್ಬಂಟಿ, ಗೆಳೆಯರಿಲ್ಲ, ಪ್ರೀತಿ ಕಾಣಲಿಲ್ಲ ಎಂದು. 2014ರಲ್ಲಿ 25ನೇ ವಯಸ್ಸಿಗೆ ಅವನು ತೀರಿಕೊಂಡ. ಮಗನ ಬ್ಲಾಗ್‌ನಲ್ಲಿ ಅಪ್ಪ ಆ ಸುದ್ದಿ ಹಾಕಿ ತಮ್ಮ ಇಮೇಲ್ ಕೊಟ್ಟರು. ಪತ್ರಗಳು ಬರತೊಡಗಿದವು. ನನ್ನ ಕಷ್ಟದಲ್ಲಿ ಮಾಟ್ಸ್ ಜೊತೆಗಿದ್ದ, ನನ್ನ ಮಗನ ಜೊತೆ ನಾನು ಮತ್ತೆ ಮಾತಾಡುವಂತೆ ಮಾಡಿದ್ದು ಅವನೇ, ಹೀಗೆ. ಗೇಮ್‌ನಲ್ಲಿ ಅವನ ತಂಡದವರು ಬೇರೆ ಬೇರೆ ದೇಶಗಳಿಂದ ಅಂತ್ಯಸಂಸ್ಕಾರಕ್ಕೆ ಬಂದರು. ಕಿಟಕಿ ಪರದೆ ಹಾಕಿದ ಕೋಣೆಯಲ್ಲಿ ಮಗ ಏನು ಮಾಡುತ್ತಿದ್ದ ಎಂದು ಅಪ್ಪ ಅಮ್ಮನಿಗೆ ತಿಳಿದದ್ದು ಅವನು ಹೋದ ಮೇಲೆ. ಈ ಕಥೆಯನ್ನು ಓದಿದಾಗ ನಾನು ಬಹಳ ಹೊತ್ತು ಅತ್ತಿದ್ದೇನೆ. ಅವನಿಗಾಗಿ ಅತ್ತದ್ದಕ್ಕಿಂತ ಆ ಅಪ್ಪ ಅಮ್ಮನಿಗಾಗಿ.

ಇಂಥವು ಬೇಕಾದಷ್ಟಿವೆ. ಗೇಮ್ಸ್ ಡನ್ ಕ್ವಿಕ್ ಎಂದು 2010ರಿಂದ ನಡೆಯುತ್ತಿದೆ, ಗೇಮ್‌ಗಳನ್ನು ಆದಷ್ಟು ಬೇಗ ಮುಗಿಸುವ ಆಟಗಾರರು ದಿನಗಟ್ಟಲೆ ಆಡಿ ತೋರಿಸಿ, ಕ್ಯಾನ್ಸರ್ ತಡೆಯುವ ಸಂಸ್ಥೆಗೆ, ಗಡಿಯಿಲ್ಲದ ವೈದ್ಯರ ಸಂಸ್ಥೆಗೆ ಕೋಟಿಗಟ್ಟಲೆ ಹಣ ಕೂಡಿಸಿ ಕೊಟ್ಟಿದ್ದಾರೆ. 2011ರಲ್ಲಿ ಫೋಲ್ಡ್‌ಇಟ್ ಎಂಬ ಗೇಮ್ ಆಡುವವರು, ವಿಜ್ಞಾನಿಗಳಿಗೆ ವರ್ಷಗಟ್ಟಲೆ ಸಿಗದೇ ಇದ್ದ ಒಂದು ಪ್ರೋಟೀನಿನ ಆಕಾರವನ್ನು ಕೆಲವೇ ವಾರಗಳಲ್ಲಿ ಕಂಡುಹಿಡಿದರು. ಇದನ್ನು ನೋಡಿ ಗೇಮ್ ಆಡುವವರೆಲ್ಲ ವಿಜ್ಞಾನಿಗಳು, ದಾನಿಗಳು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅದೂ ಕೆಲವರನ್ನು ನೋಡಿ ಎಲ್ಲರನ್ನೂ ಅಳೆದ ಹಾಗೆಯೇ.

ಹುಡುಗರಿಗೆ ನನ್ನದೊಂದು ಬೇಡಿಕೆ. ನಿಮ್ಮನ್ನು ಬೇರೆಯಾಗಿ ನೋಡಬೇಕು ಎಂದರೆ ನೀವು ಬೇರೆಯಾಗಿ ಕಾಣಬೇಕು. ಸ್ಕ್ವಾಡ್‌ನಲ್ಲಿ ಒಬ್ಬ ಹುಡುಗಿಗೆ ಬೈದರೆ ಮ್ಯೂಟ್ ಮಾಡಿ ಆಟ ಮುಂದುವರಿಸಬೇಡಿ. "ಲೇ, ಸುಮ್ನಿರು" ಅನ್ನಿ. ಅವನು ನಿಮ್ಮ ಗೆಳೆಯನಾದರೆ ಆಟ ಮುಗಿದ ಮೇಲೆ ಮತ್ತೊಮ್ಮೆ ಹೇಳಿ. ರಿಪೋರ್ಟ್ ಒತ್ತಿ. ಅವಳ ಜಾಗದಲ್ಲಿ ನಾನಿದ್ದೇನೆ, ನಿಮ್ಮ ತಂಗಿಯೂ ಇರಬಹುದು.

ಭಾಷಣ ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ ಎದ್ದು, "ರಿಪೋರ್ಟ್ ಮಾಡಿದ್ರೂ ಏನೂ ಆಗಂಗಿಲ್ರಿ ಮೇಡಂ" ಅಂದ. ಎಷ್ಟೋ ಸಲ ಆಗುವುದಿಲ್ಲ, ನಿಜ. ಕಂಪನಿಗಳು ಇದರಲ್ಲಿ ಇನ್ನೂ ಬಹಳ ಮಾಡಬೇಕು. ಆದರೆ ಬೈಸಿಕೊಂಡ ಹುಡುಗಿಗೆ, ನಾಲ್ವರಲ್ಲಿ ಒಬ್ಬನಾದರೂ ನನ್ನ ಪರವಾಗಿ ಮಾತಾಡಿದ ಎಂದು ಗೊತ್ತಾಗುವುದು ಸಣ್ಣ ವಿಷಯವಲ್ಲ. ನನಗೆ ಒಮ್ಮೆ ಹಾಗೆ ಆಗಿದೆ. ಆ ಹುಡುಗ ಯಾರೋ ಗೊತ್ತಿಲ್ಲ, ಗೇಮ್‌ನಲ್ಲಿ ಅವನ ಹೆಸರು ಇವತ್ತಿಗೂ ನೆನಪಿದೆ.

ಕೊನೆಗೆ ನವಲಗುಂದದ ಕಡೆಯಿಂದ ಬಂದಿದ್ದ ಒಬ್ಬ ತಾಯಿ ಕೇಳಿದರು. "ನನ್ನ ಮಗಳೂ ಆಡ್ತಾಳ್ರಿ. ಬಿಡಸಬೇಕೋ ಬ್ಯಾಡೋ, ಅದೊಂದು ಹೇಳ್ರಿ." ಬಿಡಿಸುವ ಮಾತು ಆಮೇಲೆ ಅಕ್ಕಾರ, ಅಂದೆ. ಮೊದಲು ಯಾವ ಗೇಮ್, ಯಾರ ಜೊತೆ, ಗುರುತಿಲ್ಲದವರು ಮೆಸೇಜ್ ಮಾಡುತ್ತಾರಾ, ಯಾರಾದರೂ ಹಣ ಅಥವಾ ಫೋಟೊ ಕೇಳಿದ್ದಾರಾ, ಇಷ್ಟು ತಿಳಿದುಕೊಳ್ಳಿ. ಹದಿನೆಂಟಕ್ಕಿಂತ ಚಿಕ್ಕವರಿಗೆ ಬಿಜಿಎಂಐನಲ್ಲಿ ದಿನಕ್ಕೆ ಮೂರು ಗಂಟೆಯ ಮಿತಿ ಇದೆ, ಅವಳು ತನ್ನ ವಯಸ್ಸು ಸರಿಯಾಗಿ ಹಾಕಿದ್ದಾಳಾ ನೋಡಿ. ಒಂದು ಸಂಜೆ ಅವಳ ಪಕ್ಕ ಕೂತು ಒಂದು ಮ್ಯಾಚ್ ಪೂರ್ತಿ ನೋಡಿ. "ನನಗ ಆ ಗೇಮಿನ ಹೆಸರೂ ಬರಂಗಿಲ್ರಿ" ಅಂದರು. ಅವಳನ್ನೇ ಕೇಳಿ, ಹೇಳುತ್ತಾಳೆ. ಕೇಳುವ ಮೊದಲು ಫೋನ್ ಕಸಿದುಕೊಳ್ಳುವುದಿಲ್ಲ ಎಂದು ಮಾತು ಕೊಡಿ.